ಮೌನದಾಚೆಯ ಮೊರೆ

ಫ್ರೆಂಚ್ ಲೇಖಕ ಎಮ್ಮಾನ್ಯುಯೆಲ್ ಕಾರೇರ್ ಅವರ 'ಯೋಗ' (2020) ಹೆಸರಿನಿಂದ ಮನಃಶಾಂತಿಯ ಕೈಪಿಡಿಯಂತೆ ತೋರುತ್ತದೆ. ಅವರು ಬರೆಯಹೊರಟದ್ದೂ ಅಂಥದೇ ಪುಟ್ಟ ಪುಸ್ತಕವನ್ನು. ಅದಕ್ಕೆಂದೇ 2015ರ ಜನವರಿಯಲ್ಲಿ ಹತ್ತು ದಿನಗಳ ವಿಪಶ್ಯನ ಶಿಬಿರ ಸೇರಿದರು. ಹೊರಗಿನ ಸುದ್ದಿಯೇ ತಲುಪದ ಆ ಮೌನವನ್ನು ಪ್ಯಾರಿಸ್ಸಿನ ಷಾರ್ಲಿ ಎಬ್ದೊ ಹತ್ಯಾಕಾಂಡ ಭೇದಿಸಿತು. ಮಡಿದವರಲ್ಲಿ ಅವರ ಗೆಳೆಯ ಬರ್ನಾರ್ ಮಾರಿಸ್ ಒಬ್ಬರು. ಮುಂದೆ ತೀವ್ರ ಖಿನ್ನತೆ, ಆಸ್ಪತ್ರೆವಾಸ. ತರುವಾಯ ಗ್ರೀಸಿನ ಲೆರೊಸ್ ದ್ವೀಪದಲ್ಲಿ ನಿರಾಶ್ರಿತ ಹುಡುಗರಿಗೆ ಬರವಣಿಗೆ ಕಲಿಸುವ ಕೆಲಸ.

ಯೋಗ ಮತ್ತು ಬರವಣಿಗೆ ಎರಡಕ್ಕೂ ಒಂದೇ ಅಪಾಯವಿದೆ: ಒಳಮುಖವಾದ ಕಣ್ಣು 'ನಾನು' ಎಂಬಲ್ಲಿಯೇ ನಿಂತುಬಿಡುವುದು. ಕೃತಿಯ ಬಹುಭಾಗ ಈ ದೋಷದಿಂದ ಪಾರಾಗಿಲ್ಲ. ವಾಸ್ತವಕ್ಕೆ ಕಲ್ಪನೆ ಬೆರೆಸಿರುವುದೂ ಓದುಗನ ನಂಬಿಕೆಯನ್ನು ಅಲುಗಿಸುತ್ತದೆ. ಆದರೂ ಲೆರೊಸ್‌ನ ಪುಟಗಳಲ್ಲಿ ಲೇಖಕ ಬರೆಯುವವನಿಗಿಂತ ಕೇಳಿಸಿಕೊಳ್ಳುವವನಾಗುತ್ತಾನೆ; ಅಲ್ಲಿಯೇ ಕೃತಿಗೆ ಜೀವ ಬರುತ್ತದೆ.

ಸಂತ ಲೂಕ ಮತ್ತು ಪೌಲರನ್ನು ಕುರಿತು 2014ರಲ್ಲಿ ದೀರ್ಘ ಕೃತಿ ರಚಿಸಿದವರೂ ಇವರೇ. ದಾರಿಬದಿಯ ಗಾಯಾಳುವಿನ ಬಳಿ ನಿಂತ ಸಮಾರಿಯದವನ ಕಥೆ ಲೂಕನ ಶುಭಸಂದೇಶವೊಂದರಲ್ಲೇ ಉಂಟು. ಧ್ಯಾನದಿಂದ ಏಳುವ ನಾವು ಯಾರ ಬಳಿಗೆ ನಡೆಯುತ್ತೇವೆ? ಈ ಅಪೂರ್ಣ ಕೃತಿ ನಮ್ಮನ್ನು ಕೇಳುವ ಪ್ರಶ್ನೆ ಅದೇ.