ಸೂರ್ಯನನ್ನು ಬಿಟ್ಟು ಬಂಡೆಯನ್ನು ನೋಡುವ ಬಗೆ

ಬಂಡೆಗಳಿರುವ ಕಡಲತೀರದ ಮುಂಜಾವದ ಛಾಯಾಚಿತ್ರವನ್ನು ಹೊಸದಾಗಿ ನೋಡುವವರ ಕಣ್ಣು ಕೆಂಪೇರಿದ ಆಕಾಶಕ್ಕೆ, ಅಲ್ಲಿಂದ ಸೂರ್ಯಬಿಂಬಕ್ಕೆ ಹೋಗಿ ನಿಂತುಬಿಡುವುದು ಸಹಜ. ಆದರೆ ಈ ಪ್ರಕಾರದ ಸತ್ವವಿರುವುದು ಚಿತ್ರದ ಕೆಳಗಿನ ಅರ್ಧದಲ್ಲಿ, ಒದ್ದೆ ಬಂಡೆಯೂ ನೀರೂ ಆ ಬೆಳಕನ್ನು ಹೇಗೆ ಬರಮಾಡಿಕೊಂಡಿವೆ ಎಂಬುದರಲ್ಲಿ. ಆಕಾಶದ ಬಣ್ಣ ಆ ದಿನದ ಮೋಡಗಳು ಕೊಟ್ಟದ್ದು, ಅದರ ಹೆಗ್ಗಳಿಕೆ ಛಾಯಾಗ್ರಾಹಕರಿಗೆ ಸಲ್ಲತಕ್ಕದ್ದಲ್ಲ. ಎಲ್ಲಿ ನಿಲ್ಲಬೇಕು, ಷಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂಬ ತೀರ್ಮಾನಗಳು ಅವರವು, ರಸಿಕರು ತೂಗಿ ನೋಡಬೇಕಾದದ್ದು ಅವುಗಳನ್ನೇ.

ಮೊದಲು ತಿಳಿಯಬೇಕಾದದ್ದು ದಿಕ್ಕು. ಕರ್ನಾಟಕದ ಕರಾವಳಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಇಲ್ಲಿ ಸೂರ್ಯ ಕಡಲಿನಿಂದ ಮೇಲೇಳುವುದಿಲ್ಲ, ನೆಲದ ಕಡೆಯಿಂದ ಬರುತ್ತಾನೆ. ಉಳ್ಳಾಲದ ಬಳಿಯ ಸೋಮೇಶ್ವರದ ಬಂಡೆಗಳ ನಡುವೆ ಕಡಲಿಗೆ ಮುಖಮಾಡಿ ನಿಂತವರ ಬೆನ್ನಿಗೆ ಬೆಳಕು ಬೀಳುತ್ತದೆ. ಗೋಕರ್ಣದ ಓಂ ಬೀಚಿನಲ್ಲಂತೂ ಹಿಂದಿನ ಗುಡ್ಡದ ನೆರಳು ಬಂಡೆಗಳನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ಇಂಥ ಚಿತ್ರದಲ್ಲಿ ಸೂರ್ಯನಿಲ್ಲವೆಂದು ಕೊರಗುವವರು, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಪಶ್ಚಿಮದ ದಿಗಂತದಲ್ಲಿ ಬೂದುನೀಲಿ ಪಟ್ಟಿಯಾಗಿ ಕಾಣುವ ಭೂಮಿಯ ನೆರಳನ್ನೂ ಅದರ ಮೇಲೆ ಹರಡುವ ತೆಳುಗುಲಾಬಿಯನ್ನೂ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ಹವ್ಯಾಸಿಗಳು ರಾತ್ರಿಯೆಲ್ಲ ಪ್ರಯಾಣ ಮಾಡಿ ತಲುಪುವ ಮಹಾಬಲಿಪುರದಲ್ಲಿ ಮಾತ್ರ ಲೆಕ್ಕ ತಲೆಕೆಳಗು: ಸೂರ್ಯ ಎದುರಿಗೇ ಇರುವುದರಿಂದ ಬಂಡೆ ಕಪ್ಪಾಗುತ್ತದೆ, ಅದರ ಅಂಚಿನಲ್ಲಿ ಮಾತ್ರ ಬೆಳಕಿನ ತೆಳು ಗೆರೆಯೊಂದು ಮೂಡುತ್ತದೆ. ಮೊದಲನೆಯ ಬಗೆಯಲ್ಲಿ ಬಂಡೆಯ ಮೈಯನ್ನು, ಎರಡನೆಯದರಲ್ಲಿ ಅದರ ಆಕಾರವನ್ನು ನೋಡಬೇಕು.

ಷಟರ್ ತೆರೆದಿರುವ ಕಾಲವನ್ನು ಓದಲು ನೀರೇ ಗಡಿಯಾರ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದ ಚಿತ್ರದಲ್ಲಿ ಸಿಡಿದ ಹನಿಗಳು ಗಾಜಿನ ಚೂರುಗಳಂತೆ ಗಾಳಿಯಲ್ಲೇ ನಿಂತಿರುತ್ತವೆ. ಅರ್ಧ ಸೆಕೆಂಡು ತೆರೆದರೆ ಬಂಡೆಯಿಂದ ಇಳಿದುಹೋಗುವ ನೊರೆ ತಾನು ಸಾಗಿದ ದಾರಿಯನ್ನು ಬಿಳಿ ಎಳೆಗಳಾಗಿ ಬರೆದಿಡುತ್ತದೆ. ಅರ್ಧ ನಿಮಿಷ ತೆರೆದರೆ ಅಲೆಗಳೆಲ್ಲ ಒಂದರೊಳಗೊಂದು ಕರಗಿ ಕಡಲು ಮಂಜಾಗುತ್ತದೆ. ಇಷ್ಟು ದೀರ್ಘ ಕಾಲಕ್ಕೆ ಬೆಳಕು ಅತಿಯಾಗದಿರಲೆಂದು ಮಸೂರದ ಮುಂದೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಇಡುತ್ತಾರೆ. ಬೆಳಕನ್ನು ಅರ್ಧಕ್ಕೆ ಇಳಿಸುವ ಒಂದು ಹೆಜ್ಜೆಗೆ ಸ್ಟಾಪ್ ಎಂದು ಹೆಸರು. 10 ಸ್ಟಾಪಿನ ಗಾಜು ಬೆಳಕನ್ನು 1,024ರಲ್ಲಿ ಒಂದು ಪಾಲಿಗೆ ಇಳಿಸುವುದರಿಂದ ಸೆಕೆಂಡಿನ 30ನೆಯ ಒಂದು ಭಾಗದ ಕೆಲಸಕ್ಕೆ ಸುಮಾರು 34 ಸೆಕೆಂಡು ಹಿಡಿಯುತ್ತದೆ. ಈ ಮಂಜಿನ ಕಡಲು ಹೊಸಬರನ್ನು ಮರುಳು ಮಾಡುತ್ತದೆಯಾದರೂ ಅದು ಈಗ ಸವೆದ ನಾಣ್ಯ. ಯಾವ ತೀರದ ಯಾವ ಅಲೆಯಾದರೂ ಅದರಲ್ಲಿ ಒಂದೇ ತೆರನಾಗಿ ಕಾಣುತ್ತದೆ, ಅರ್ಧ ಸೆಕೆಂಡಿನ ನೊರೆಯಾದರೋ ಆ ಒಂದು ಅಲೆಯದು ಮಾತ್ರ.

ಹೊಳೆಯುವ ಆಕಾಶ, ಕತ್ತಲ ಬಂಡೆ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಕಷ್ಟ ಹಳೆಯದು. ಅಂದಿನ ಕೊಲೋಡಿಯನ್ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಕಡಲು ಸರಿಯಾಗಿ ಮೂಡಿದರೆ ಆಕಾಶ ಬಿಳುಚಿಕೊಳ್ಳುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ತನ್ನ ಹಲವು ಕಡಲಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ದಿಗಂತದಲ್ಲಿ ಬೆಸೆದನು. ಇಂದಿನವರು ಮೇಲರ್ಧ ಮಾತ್ರ ಕಪ್ಪಿರುವ ಫಿಲ್ಟರನ್ನೋ ಕಂಪ್ಯೂಟರನ್ನೋ ಬಳಸಿ ಅದೇ ಕೆಲಸ ಮಾಡುತ್ತಾರೆ, ಅದು ಮೋಸವೇನೂ ಅಲ್ಲ. ಆದರೆ ದಿಗಂತವನ್ನು ದಾಟಿ ಮೇಲೆ ಚಾಚಿದ ಬಂಡೆಯ ತುದಿಯೊಂದೇ ಕಾರಣವಿಲ್ಲದೆ ಕಪ್ಪಾಗಿದ್ದರೆ ಬೆಸುಗೆ ಬಿಟ್ಟಿದೆಯೆಂದು ತಿಳಿಯಬೇಕು.

ಈ ಓದನ್ನು ಕಲಿಯಲು ಹವ್ಯಾಸಿ ತಂಡವೊಂದು ಒಂದೇ ಮುಂಜಾವದಲ್ಲಿ ಒಂದೇ ತೀರದಲ್ಲಿ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಹರವಿ ನೋಡುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಅಕ್ಷಾಂಶದಲ್ಲಿ ಸೂರ್ಯಬಿಂಬ ದಿಗಂತದಿಂದ ಪೂರ್ತಿ ಮೇಲೇಳಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ತಂಡದ ಎಲ್ಲರಿಗೂ ಸಿಕ್ಕ ಬೆಳಕು ಅದೇ, ಉಬ್ಬರವೂ ಅದೇ, ಆದ್ದರಿಂದ ಚಿತ್ರಗಳಲ್ಲಿ ಉಳಿಯುವ ವ್ಯತ್ಯಾಸವೆಲ್ಲ ಅವರವರ ತೀರ್ಮಾನದ್ದು. ಒಬ್ಬರು ಎತ್ತರದಲ್ಲಿ ನಿಂತು ಎರಡು ಬಂಡೆಗಳ ನಡುವೆ ನೀರು ಕಾಣುವಂತೆ ಬಿಡಿಸಿರುತ್ತಾರೆ. ಇನ್ನೊಬ್ಬರು ಕ್ಯಾಮೆರಾವನ್ನು ಬಂಡೆಯಿಂದ ಗೇಣೆತ್ತರಕ್ಕೆ ಇಳಿಸಿ, ಇಳಿತದಲ್ಲಿ ಕುಳಿಯೊಳಗೆ ಉಳಿದ ಅಂಗೈಯಗಲದ ನೀರಿನಲ್ಲಿ ಇಡೀ ಆಕಾಶವನ್ನು ಕೂಡಿಸಿರುತ್ತಾರೆ. ಪಾಚಿಗೆ ಹೆದರಿ ಒಣಬಂಡೆಯ ಮೇಲೆಯೇ ಉಳಿದವರ ಚಿತ್ರ ಆ ಎಚ್ಚರಿಕೆಯನ್ನೂ ಹೇಳುತ್ತದೆ, ಮತ್ತು ಅದು ಒಳ್ಳೆಯ ಎಚ್ಚರಿಕೆಯೇ.

ಕೊನೆಗೆ ಚಿತ್ರವನ್ನು ಹಿಗ್ಗಿಸಿ ಬಂಡೆಯ ಬುಡಕ್ಕೆ ಅಂಟಿದ ಚಿಪ್ಪುಗಳನ್ನು ಹುಡುಕಬೇಕು. ನೀರು ಎಷ್ಟೇ ಕದಡಿದ್ದರೂ ಅವು ಒಂದೊಂದಾಗಿ ಚೂಪಾಗಿ ಕಾಣಬೇಕು. ಪ್ರತಿ ಚಿಪ್ಪಿನ ಪಕ್ಕದಲ್ಲೂ ಅದರದೇ ಮಸುಕು ಜೋಡಿಯೊಂದು ಕಂಡರೆ, ಷಟರ್ ತೆರೆದಿದ್ದಾಗ ಹಿಂದಕ್ಕೆ ಸರಿದ ಅಲೆಯೊಂದು ಟ್ರೈಪಾಡಿನ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗಿರುವ ಸಂಭವವೇ ಹೆಚ್ಚು.