ಉತ್ತರ ಮೊದಲು, ಪ್ರಯೋಗ ಆಮೇಲೆ

ನಮ್ಮ ಪಿಯುಸಿ ಪ್ರಾಕ್ಟಿಕಲ್ಸ್‌ನಲ್ಲಿ ಯಾವ ಪ್ರಯೋಗವೂ ಸೋಲುವುದಿಲ್ಲ. ವೈರು ಸಡಿಲವಿರಲಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರಲು ಹಟ ಹಿಡಿದಿರಲಿ, ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಓಮನ ನಿಯಮಕ್ಕೆ ಕೂದಲಷ್ಟೂ ಭಂಗವಿಲ್ಲ. ಅನುಮಾನ ಬರಬೇಕಾದದ್ದು ಇಲ್ಲಿಯೇ.

ಸರಳ ಲೋಲಕವನ್ನೇ ನೋಡಿ. ಒಂದು ಮೀಟರ್ ದಾರ, ಇಪ್ಪತ್ತು ಆಂದೋಲನ, ಒಂದು ಸ್ಟಾಪ್‌ವಾಚ್. ಹದಿನಾಲ್ಕೋ ಹದಿನೈದೋ ಆಗುವಷ್ಟರಲ್ಲಿ ಪಕ್ಕದವನು ‘ನಿಂದೆಷ್ಟು ಬಂತೋ?’ ಎನ್ನುತ್ತಾನೆ; ಎಣಿಕೆ ಅಲ್ಲಿಗೆ ಖಲಾಸ್. ಚಿಂತೆಯಿಲ್ಲ. ಸೆಂಟಿಮೀಟರಿನ ಉದ್ದವನ್ನು 24.8ರಿಂದ ಭಾಗಿಸಿ, ವರ್ಗಮೂಲ ತೆಗೆದು, 20ರಿಂದ ಗುಣಿಸಿದರೆ 40.2 ಸೆಕೆಂಡು. ಒಂದು ಸಾಲಿನಲ್ಲಿ 40.1, ಇನ್ನೊಂದರಲ್ಲಿ 40.3 ಎಂದು ಬರೆದರೆ ಸಹಜತೆಯೂ ಬಂತು. ಈ ಉಲ್ಟಾ ಲೆಕ್ಕಕ್ಕೆ ಸೂತ್ರ ಬಾಯಿಗೆ ಬರಬೇಕು, ಅಷ್ಟರಮಟ್ಟಿಗೆ ಹುಡುಗ ಕಲಿತಿದ್ದಾನೆ! ಗುರುತ್ವ ವೇಗೋತ್ಕರ್ಷ ಕೊನೆಗೆ ಸರಿಯಾಗಿ 9.8. ತಮಾಷೆಯೆಂದರೆ, ಸಮಭಾಜಕದಿಂದ ದೂರವಿಲ್ಲದ, 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ಅದರ ಬೆಲೆ 9.78ರ ಆಸುಪಾಸು.

ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂಗೇ ದೊಡ್ಡ ಉಪಕರಣ. ಉಪ್ಪು ನೀಲಿಯಾಗಿದ್ದರೆ ತಾಮ್ರ, ವಿನೆಗರ್ ವಾಸನೆ ಹೊಡೆದರೆ ಅಸಿಟೇಟ್. ಏನೂ ತೋಚದಿದ್ದರೆ ಅಟೆಂಡರಣ್ಣನ ಮುಖ.

ದೊಡ್ಡವರೂ ಇದಕ್ಕೆ ಹೊರತಲ್ಲ. ಮಿಲಿಕನ್ ಗಾಳಿಯ ಸ್ನಿಗ್ಧತೆಗೆ ತಪ್ಪು ಬೆಲೆ ಹಿಡಿದದ್ದರಿಂದ ಎಲೆಕ್ಟ್ರಾನಿನ ವಿದ್ಯುದಂಶ ತುಸು ಕಡಿಮೆ ಬಂತು. ಅನಂತರದವರ ಉತ್ತರಗಳು ಒಮ್ಮೆಲೇ ಸರಿಯಾಗದೆ ಸ್ವಲ್ಪಸ್ವಲ್ಪವೇ ಮೇಲೇರಿದವು. ಹಿರಿಯರ ಸಂಖ್ಯೆಯಿಂದ ತೀರಾ ದೂರ ಹೋಗಲು ಅಂಜಿಕೆ. ಫೈನ್‌ಮನ್ 1974ರಲ್ಲಿ ಕ್ಯಾಲ್ಟೆಕ್ ಪದವೀಧರರಿಗೆ ಇದನ್ನೇ ಎತ್ತಿ ಹೇಳಿದ್ದರು. ನಮ್ಮ ಹುಡುಗರಿಗೆ ಅಂಜಿಕೆ 30 ಅಂಕದ್ದು.

ಮೇಷ್ಟ್ರನ್ನು ಬೈದು ಫಲವಿಲ್ಲ. ಬ್ಯಾಚಿನ ತುಂಬ ಮಕ್ಕಳು, ಅರೆಬರೆ ಕೆಟ್ಟ ಉಪಕರಣ, ಮೇಲೆ ಸಹಿಗೆ ಕಾದು ಕೂತ ರೆಕಾರ್ಡುಗಳ ರಾಶಿ. ಆದರೆ ತಪ್ಪು ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಈ ಪದ್ಧತಿ ವಿಜ್ಞಾನವನ್ನಲ್ಲ, ಲೆಕ್ಕಪತ್ರ ಹೊಂದಿಸುವುದನ್ನು ಕಲಿಸುತ್ತಿದೆ. ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆ ಶುರುಮಾಡಿದರೆ ನಡೆಯುವುದು ಹತ್ತೊಂಬತ್ತೇ ಆಂದೋಲನ, ಉತ್ತರ ಸುಮಾರು 10.8. ಅದನ್ನು ಹಾಗೆಯೇ ಬರೆದು ತಂದ ಹುಡುಗಿಯನ್ನು, ಪರೀಕ್ಷಕರೇ, ದಯವಿಟ್ಟು ವಾಪಸ್ ಕಳಿಸಬೇಡಿ. ಹೀಗೇಕೆ ಬಂತೆಂದು ವೈವಾದಲ್ಲಿ ಕೇಳಿ. ಹೇಳಿದರೆ ಪೂರ್ತಿ ಅಂಕ ಕೊಡಿ.