ಅಂಗದನ ಪ್ರಶ್ನೆ

ತೋರಣಗಲ್ಲಿನಿಂದ ಬೆಂಗಳೂರಿಗೆ ಹಾರುವ ಹೊತ್ತಿನ ಲೆಕ್ಕ ನೋಡೋಣ. ಅಲ್ಲಿನ ಜಿಂದಾಲ್ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 250 ಕಿ.ಮೀ. ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಸಾಗುವ ಎಟಿಆರ್ ವಿಮಾನಕ್ಕೆ ಅದು ಭಾಗಾಕಾರದ ಪ್ರಕಾರ ಅರ್ಧ ಗಂಟೆಯ ದಾರಿ. ವೇಳಾಪಟ್ಟಿ ಅದರ ಇಮ್ಮಡಿಗೆ ಹತ್ತಿರ ಹೇಳುತ್ತದೆ, ಅದೇ ಸರಿ. ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಗಡಿಯಾರ ಶುರು. ರನ್‌ವೇ ಮುಟ್ಟುವುದು, ಮೇಲೇರುವುದು, ಬೆಂಗಳೂರಿನ ಮೇಲೆ ಇಳಿಯುವ ಸರದಿ ಕಾಯುವುದು ಎಲ್ಲ ಅದರೊಳಗೇ.

ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನಿಮಿಷ ಹೇಳುವವರೊಂದಿಗೆ ನನ್ನ ತಕರಾರು ಹಳೆಯದು. ಗಂಗಾವತಿಯವರಿಗೆ ತೋರಣಗಲ್ಲು ಹತ್ತಿರ, ಯಲಬುರ್ಗಾದವರಿಗೆ ಗದಗ ದಾಟಿ ಹುಬ್ಬಳ್ಳಿ ಅನುಕೂಲ, ಕೊಪ್ಪಳ ಕುಷ್ಟಗಿಯವರು ಎರಡನ್ನೂ ತೂಗಿ ನೋಡಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 370 ಕಿ.ಮೀ., ಅದಕ್ಕೂ ಮೊದಲು ಕೊಪ್ಪಳದವರಿಗೆ ನೂರು ಕಿ.ಮೀ. ಮೀರಿದ ರಸ್ತೆ. ಕೊನೆಗೆ ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಹೋಗುವ ಪಾಡು ಬೇರೆ. ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸದ ಹೊತ್ತು ಹೊತ್ತೇ ಅಲ್ಲ.

 ಗಂಗಾವತಿಯ ಹೆಸರೆತ್ತಿದ ಮೇಲೆ ಅದರ ಬಳಿಯ, ಹನುಮಂತ ಹುಟ್ಟಿದ ಬೆಟ್ಟವೆಂದು ಜನ ನಂಬುವ ಅಂಜನಾದ್ರಿಯನ್ನು ದಾಟಿ ಹೋಗಲು ಮನಸ್ಸು ಬಾರದು. ದೂರವನ್ನೂ ಶಕ್ತಿಯನ್ನೂ ವಾಲ್ಮೀಕಿಯಷ್ಟು ಚೊಕ್ಕವಾಗಿ ತೂಗಿದವರನ್ನು ನಾನು ಓದಿಲ್ಲ. ಕಿಷ್ಕಿಂಧಾಕಾಂಡದ ಕೊನೆಗೆ ವಾನರರು ಕಡಲ ದಂಡೆಯಲ್ಲಿ ಕೂತಿದ್ದಾರೆ. ಲಂಕೆ ನೂರು ಯೋಜನ. ಗಜ ತನ್ನ ಅಳವು ಹತ್ತು ಯೋಜನ ಎನ್ನುತ್ತಾನೆ, ಗವಾಕ್ಷ ಇಪ್ಪತ್ತು ಎನ್ನುತ್ತಾನೆ. ಹೀಗೆ ಹತ್ತು ಹತ್ತಾಗಿ ಏರುತ್ತ ಮುದುಕ ಜಾಂಬವಂತ ತೊಂಬತ್ತಕ್ಕೆ ನಿಲ್ಲುತ್ತಾನೆ. ಯುವರಾಜ ಅಂಗದ ನೂರು ಹಾರಬಲ್ಲ. ಮರಳಿ ಬರುವ ಶಕ್ತಿ ಉಳಿದೀತೇ ಎಂಬುದೊಂದೇ ಅವನ ಸಂಶಯ.

ಹಾರಾಟದ ಶಾಸ್ತ್ರವೆಲ್ಲ ಆ ಸಂಶಯದಲ್ಲಿದೆ. ಇಂದಿನ ಪೈಲಟ್ ಕೂಡ ಗುರಿ ಮುಟ್ಟುವಷ್ಟೇ ಇಂಧನ ತುಂಬಿಸಿ ಹೊರಡುವುದಿಲ್ಲ. ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆ ಸುತ್ತುವಷ್ಟು ಟ್ಯಾಂಕಿನಲ್ಲಿರಬೇಕು. ಕೊನೆಗೆ ಕಡಲು ಹಾರಿದ ಹನುಮಂತನಿಗೆ ನಡುದಾರಿಯಲ್ಲಿ ಮೈನಾಕ ಪರ್ವತ ಎದ್ದು ಬಂದು ತಂಗಲು ಕರೆಯುತ್ತದೆ, ಅವನು ಕೈಯಿಂದ ಮುಟ್ಟಿ ಮುಂದೆ ಸಾಗುತ್ತಾನೆ. ನಡುವೆ ಇಳಿದರೆ ಹೊತ್ತು ಎಷ್ಟು ಹೋಗುತ್ತದೆಂದು ಬಲ್ಲವನ ನಡೆ ಅದು.

ಕೊಪ್ಪಳದ ಬಳಿ ಬಸಾಪುರದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ, ಉಡಾನ್ ಯೋಜನೆಯಲ್ಲಿ ಕೊಪ್ಪಳದ ಹೆಸರೂ ಬಂದಿತ್ತು. ಜಿಲ್ಲೆಗೆ ವಿಮಾನ ಬೇಕೆನ್ನುವವರಲ್ಲಿ ನಾನೂ ಒಬ್ಬ. ಆದರೆ ಎಷ್ಟು ನಿಮಿಷದಲ್ಲಿ ಬೆಂಗಳೂರು ಎಂದು ಮಾತ್ರ ಕೇಳಿ ಸುಮ್ಮನಾಗಬಾರದು. ಬೆಳಿಗ್ಗೆ ಆಸ್ಪತ್ರೆಗೆ, ಕೋರ್ಟಿಗೆ, ವ್ಯಾಪಾರಕ್ಕೆ ಹೋದವರು ಅದೇ ದಿನ ಊರು ಸೇರುವಂತಿರಬೇಕೆಂದು ಅಂಗದನ ಹಾಗೆ ಪಟ್ಟು ಹಿಡಿಯಬೇಕು. ಅದಿಲ್ಲದಿದ್ದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗುವುದೇ ಲೇಸು.